ವೃತ್ತಪತ್ರಿಕೆಗಳಲ್ಲಿ ‘ನೆತ್ತರು’: ವಾಚ್ಯಾರ್ಥವೂ ಲಕ್ಷ್ಯಾರ್ಥವೂ

ಕನ್ನಡದ ವೃತ್ತಪತ್ರಿಕೆಗಳಲ್ಲಿ ದಿನದಿನವೂ ಕಾಣತಕ್ಕ ಶಬ್ದಗಳಲ್ಲಿ ‘ರಕ್ತ’, ‘ನೆತ್ತರು’ ಎಂಬ ಎರಡೂ ಸೇರಿವೆ. ಇವುಗಳಲ್ಲಿ ನೆತ್ತರೆಂಬುದು ಅಚ್ಚಗನ್ನಡದ ಮಾತು. ತೆಲುಗಿನ ‘ನೆತ್ತುರು’, ತುಳುವಿನ ‘ನೆತ್ತೆರ್’ ಇದರ ಜ್ಞಾತಿಶಬ್ದಗಳು. ರಕ್ತವಾದರೋ ಸಂಸ್ಕೃತದ ‘ರಂಜ್’ ಧಾತುವಿನಿಂದ ಹುಟ್ಟಿ, ಮೊದಲು ‘ಬಣ್ಣವೇರಿದುದು’ ಎಂಬಷ್ಟೇ ಅರ್ಥವನ್ನು ಕೊಡುತ್ತಿದ್ದಿತು. ಅನುರಕ್ತ, ವಿರಕ್ತ ಎಂಬ ಮಾತುಗಳಲ್ಲಿ ಆ ಮೂಲದ ಛಾಯೆ ಇಂದಿಗೂ ಉಳಿದಿದೆ. ಪತ್ರಿಕೆಗಳು ಸ್ಥೂಲವಾಗಿ ಇವೆರಡಕ್ಕೂ ಬೇರೆ ಬೇರೆ ಕೆಲಸವನ್ನು ಹಂಚಿಕೊಟ್ಟಿವೆಯೆನ್ನಬಹುದು. ಆಸ್ಪತ್ರೆ, ಪರೀಕ್ಷೆ, ದಾನ, ಬಂಧುತ್ವಗಳ ವಿಷಯದಲ್ಲಿ ರಕ್ತ. ಹೊಡೆದಾಟ, ಕೊಲೆಗಳನ್ನು ಮನಸ್ಸಿಗೆ ತಾಗುವಂತೆ ಹೇಳಬೇಕಾದಲ್ಲಿ ನೆತ್ತರು.

ವಾಚ್ಯಾರ್ಥದ ಪ್ರಯೋಗಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ನಿದರ್ಶನಗಳುಂಟು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ಸುದ್ದಿಗಳಲ್ಲಿ ‘ರಕ್ತದ ಮಾದರಿ’, ‘ರಕ್ತಸ್ರಾವ’ ಎಂಬ ಮಾತುಗಳು ತಮ್ಮ ಅರ್ಥವನ್ನು ಎಳ್ಳಷ್ಟೂ ಮೀರುವುದಿಲ್ಲ. ಶಿವಮೊಗ್ಗ ನಗರದ ವಿನೋಬನಗರದ ಹೆಸರು 1951ರಲ್ಲಿ ಭೂದಾನವನ್ನು ಆರಂಭಿಸಿದ ವಿನೋಬಾ ಭಾವೆಯವರನ್ನು ನೆನಪಿಗೆ ತರುತ್ತದೆ. ಭೂದಾನ, ಶ್ರಮದಾನಗಳ ಸಾಲಿನಲ್ಲಿ ನಿಲ್ಲುವ ‘ರಕ್ತದಾನ’ವೂ ಅಳತೆಯುಳ್ಳ ಮಾತೇ: ಒಬ್ಬರಿಂದ ಒಮ್ಮೆಗೆ ತೆಗೆದುಕೊಳ್ಳುವುದು 350 ಅಥವಾ 450 ಮಿಲಿಲೀಟರು. ಇಂಥ ಸುದ್ದಿಯಲ್ಲಿ ರಕ್ತಕ್ಕೆ ಲೆಕ್ಕವಿರುತ್ತದೆ. ತಲೆಬರಹದ ನೆತ್ತರಿಗೆ ಮಾತ್ರ ಹೊಳೆ, ಕೋಡಿಗಳೇ ಮಾನ.

ಲಕ್ಷಣೆಗೆ ಮೂರು ಕಾರಣಗಳನ್ನು ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿದ್ದಾನೆ: ಮುಖ್ಯಾರ್ಥಕ್ಕೆ ಬಾಧೆ, ಅದರೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. ಷೇರುಪೇಟೆ ಕುಸಿದಾಗ ‘ಪೇಟೆಯಲ್ಲಿ ರಕ್ತದೋಕುಳಿ’ ಎಂದು ಅಚ್ಚಾಗುವುದುಂಟು. ಹಬ್ಬದ ಓಕುಳಿಯನ್ನು ನಷ್ಟಕ್ಕೆ ಹಚ್ಚಿದ ಈ ಮಾತು ಸುರುಚಿಯದಲ್ಲವೆನ್ನಬಹುದು. ಆದರೆ ಇದರಿಂದ ಯಾರೂ ಮೋಸಹೋಗುವುದಿಲ್ಲ. ಷೇರುಗಳಿಗೆ ದೇಹವಿಲ್ಲವಾದುದರಿಂದ ಮುಖ್ಯಾರ್ಥವು ತಾನಾಗಿಯೇ ಬಾಧಿತವಾಗುತ್ತದೆ.

ಬೀದಿಯಲ್ಲಿ ಎರಡು ಗುಂಪುಗಳಿಗೆ ಕಲಹವಾಗಿ ಕೆಲವರಿಗೆ ಪೆಟ್ಟಾಗಿರುವಾಗ ‘ಹರಿಯಿತು ನೆತ್ತರು’ ಎಂದು ಬರೆದರೆ ಸ್ಥಿತಿ ಬೇರೆ. ಅಲ್ಲಿ ನೆತ್ತರು ಹರಿಯುವುದು ಅಸಂಭವವೇನೂ ಅಲ್ಲ. ಮುಖ್ಯಾರ್ಥಕ್ಕೆ ಬಾಧೆಯಿಲ್ಲದ ಕಾರಣ ವಾಚಕನು ಅದನ್ನು ಇದ್ದಂತೆಯೇ ನಂಬುತ್ತಾನೆ. ಅತಿಶಯೋಕ್ತಿಯು ವರ್ತಮಾನವಾಗಿ ಊರೂರಿಗೆ ಹೋಗುತ್ತದೆ. ರನ್ನನ ದುರ್ಯೋಧನನು ರಣಭೂಮಿಯನ್ನು ದಾಟುವ ಸಂದರ್ಭದಲ್ಲಿ ನೆತ್ತರು ಎಷ್ಟು ಹರಿದರೂ ನಾವು ಅದನ್ನು ಬೀಭತ್ಸರಸದ ಪೋಷಣೆಯೆಂದು ಸವಿಯುತ್ತೇವೆ. ಗದಾಯುದ್ಧವನ್ನು ಓದಿ ಯಾರೂ ಅಂಗಡಿಯ ಬಾಗಿಲನ್ನು ಮುಚ್ಚುವುದಿಲ್ಲ. ಪತ್ರಿಕೆಯನ್ನು ಓದಿ ಮುಚ್ಚುವವರುಂಟು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಸ್ಮರಣಲೇಖನಗಳಲ್ಲಿ ಕಾಣುತ್ತದೆ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಆ ವರ್ಷದ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್‌ಸ್ಪೆಕ್ಟರರೂ ಹತರಾದರು; 1943ರ ಮಾರ್ಚಿಯಲ್ಲಿ ಗ್ರಾಮದ ಐವರನ್ನು ಗಲ್ಲಿಗೇರಿಸಲಾಯಿತು. ಇಂಥ ಹುತಾತ್ಮರ ವಿಷಯದಲ್ಲಿ ‘ರಕ್ತ ಹರಿಸಿದರು’, ‘ರಕ್ತತರ್ಪಣ ನೀಡಿದರು’ ಎಂದು ಬರೆಯುವುದು ರೂಢಿ. ಎರಡನೆಯದರಲ್ಲಿ ತರ್ಪಣವು ಎಳ್ಳುನೀರಿನದೆಂಬ ಅರಿವಿರುವುದರಿಂದ ಲಕ್ಷಣೆ ಸ್ಪಷ್ಟ. ಮೊದಲನೆಯದು ಹಾಗಲ್ಲ. ನೇಣಿನಲ್ಲಿ ರಕ್ತ ಹರಿಯುವುದಿಲ್ಲ. ಈ ಮಾತನ್ನು ಓದಿದ ಎಳೆಯ ವಾಚಕನು ಆ ಐವರು ಗುಂಡಿಗೆ ಬಿದ್ದರೆಂದು ತಿಳಿದಾನು. ಘರ್ಷಣೆಯ ದಿನದ ಸಾವುಗಳೂ, ವಿಚಾರಣೆಯೂ, ಶಿಕ್ಷೆಯೂ ಒಂದೇ ಕೆಂಪಿನಲ್ಲಿ ಅಳಿಸಿಹೋಗುತ್ತವೆ. ‘ಗಲ್ಲಿಗೇರಿದರು’ ಎಂದರೆ ಅವರ ತ್ಯಾಗಕ್ಕೆ ಯಾವ ಕೊರತೆಯೂ ಬಾರದು. ನಡೆದ ಸಂಗತಿಯೂ ಉಳಿಯುತ್ತದೆ.

ಆದಕಾರಣ ರೂಪಕವೇ ಬೇಡವೆಂದು ಹೇಳುವುದು ನಮ್ಮ ಆಶಯವಲ್ಲ. ರಕ್ತ ಹರಿದಿರುವ ಸಂಭವವಿದ್ದಲ್ಲಿ ಅದನ್ನು ಅಲಂಕಾರಕ್ಕೆ ಬಳಸದಿರುವುದೇ ಸುದ್ದಿಯ ಬರವಣಿಗೆಗೆ ತಕ್ಕ ನಿಯಮವೆಂದು ತೋರುತ್ತದೆ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ಅಧ್ಯಾಪಕರು ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂಬ ಹಳೆಯ ಉದಾಹರಣೆಯ ಜೊತೆಗೆ ಆ ದಿನದ ಒಂದು ತಲೆಬರಹವನ್ನೂ ಹಲಗೆಯ ಮೇಲೆ ಬರೆದು, ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯುಂಟೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಶಾಸ್ತ್ರಕ್ಕೂ ಲೋಕಕ್ಕೂ ಉಪಕಾರವಾದೀತು.