ಸುಳ್ಳು ಹೆಸರಿನ ಹುಡುಗ

ಗತಕಾಲದ ಸಶಸ್ತ್ರ ರಾಜಕೀಯವನ್ನು ಬಾಲಕನೊಬ್ಬನ ಕಣ್ಣಿನಿಂದ ತೋರಿಸುವ ಚಿತ್ರಗಳನ್ನು ನಾನು ತುಸು ಶಂಕೆಯಿಂದಲೇ ನೋಡುವವನು. ಏಕೆಂದರೆ ಮಗುವಿನ ಮುಗ್ಧತೆಯ ಮರೆಯಲ್ಲಿ ನಿಂತು, ಬಂದೂಕು ಹಿಡಿದ ತಾಯಿತಂದೆಗಳ ನಡೆ ಯುಕ್ತವೇ ಅಯುಕ್ತವೇ ಎಂಬ ಪ್ರಶ್ನೆಯಿಂದ ನುಣುಚಿಕೊಳ್ಳುವುದು ನಿರ್ದೇಶಕನಿಗೆ ಅತಿ ಸುಲಭ. 1976ರ ಮಾರ್ಚಿನಲ್ಲಿ ಸೇನೆಯ ಕೈವಶವಾದ ಆರ್ಜೆಂಟೀನಾದ ಕಥೆಯನ್ನು ಹೇಳುವ ಮಾರ್ಸೆಲೊ ಪಿನ್ಯೇರೊನ ‘ಕಾಮ್‌ಚಾಟ್ಕಾ’ (2002) ಎಷ್ಟೇ ಮನೋಹರವಾಗಿದ್ದರೂ, ಬಂಧನ ಬಿಡಿಸಿಕೊಳ್ಳುವ ಐಂದ್ರಜಾಲಿಕ ಹೂಡಿನಿಯ ಹೆಸರನ್ನು ತನಗಿಟ್ಟುಕೊಂಡ ಅದರ ಹುಡುಗನಿಗೆ ಹೆತ್ತವರು ಏತಕ್ಕಾಗಿ ಅಡಗಿದ್ದಾರೆಂಬುದು ಅಸ್ಪಷ್ಟ. ಪ್ರೇಕ್ಷಕನಿಗೂ ಹೆಚ್ಚೇನೂ ಸ್ಪಷ್ಟವಾಗದು.

ಬೆಂಜಮಿನ್ ಆವಿಲಾನ ‘ಇನ್ಫಾನ್ಸಿಯಾ ಕ್ಲಾಂದೆಸ್ತೀನಾ’ ಹಾಗಲ್ಲ. 1979ರಲ್ಲಿ, ಸೈನಿಕ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಮೋಂತೊನೇರೋ ಎಂಬ ಸಶಸ್ತ್ರ ಸಂಘಟನೆಯ ಪ್ರತ್ಯಾಕ್ರಮಣಕ್ಕೆಂದು ಕ್ಯೂಬಾದಿಂದ ಆರ್ಜೆಂಟೀನಾಕ್ಕೆ ಗುಟ್ಟಾಗಿ ಮರಳಿದ ದಂಪತಿಗಳ ಮಗ ಹ್ವಾನ್, ಎರ್ನೆಸ್ತೋ ಎಂಬ ಕಳ್ಳಹೆಸರಿನಿಂದ ಶಾಲೆಗೆ ಹೋಗುತ್ತಾನೆ. ಮನೆಯ ತೋರಿಕೆಯ ಕಸುಬು ಚಾಕೊಲೇಟು ಸವರಿದ ಕಡಲೆಕಾಯಿಬೀಜದ ವ್ಯಾಪಾರ, ಆ ಪೆಟ್ಟಿಗೆಗಳೊಳಗಿನ ನಿಜವಾದ ಸರಕು ಮದ್ದುಗುಂಡು. ಅದೇ ಬೀಜವನ್ನು ಬಾಯಿಗೆ ಹಾಕಿಕೊಂಡು ಆತುರಪಡದೆ ಸವಿಯುವ ಬಗೆಯನ್ನು ಚಿಕ್ಕಪ್ಪ ಬೇತೊ ಹುಡುಗನಿಗೆ ಹೇಳಿಕೊಡುವ ದೃಶ್ಯವೊಂದಿದೆ. ಆ ಉಲ್ಲಾಸಶೀಲನನ್ನು ಕಂಡಾಗ, ಈ ಜನ ಕೇವಲ ಹುತಾತ್ಮರಾಗಲು ಹುಟ್ಟಿದವರಲ್ಲವೆಂಬುದು ಯಾವ ಭಾಷಣವೂ ಇಲ್ಲದೆ ಮನದಟ್ಟಾಗುತ್ತದೆ.

ಆದರೆ ಚಿತ್ರದ ಸತ್ತ್ವವೆಲ್ಲ ಇರುವುದು ಅಜ್ಜಿಯ ಆಗಮನದಲ್ಲಿ. ಸುಳ್ಳು ಪಾಸ್‌ಪೋರ್ಟಿನಲ್ಲಿ ನಮೂದಾದ, ತನ್ನದಲ್ಲದ ಜನ್ಮದಿನವನ್ನು ಸಹಪಾಠಿಗಳೆದುರು ಹುಡುಗ ಆಚರಿಸಿಕೊಳ್ಳಬೇಕಾಗಿ ಬಂದಾಗ, ದಾರಿ ತಿಳಿಯದಂತೆ ಕಣ್ಣು ಕಟ್ಟಿ ಕರೆತಂದ ಆ ಮುದುಕಿ, ಮಕ್ಕಳನ್ನಾದರೂ ನನಗೊಪ್ಪಿಸು ಎಂದು ಮಗಳನ್ನು ಅಂಗಲಾಚುತ್ತಾಳೆ. ತನ್ನ ಮಕ್ಕಳು ತನ್ನೊಡನೆಯೇ ಬೆಳೆಯತಕ್ಕದ್ದೆಂದು ಮಗಳು ಸಿಡಿಯುತ್ತಾಳೆ. ಮಾತು ಏರುತ್ತ ಚೀತ್ಕಾರವಾಗುತ್ತದೆ. ಇಬ್ಬರದೂ ವಾತ್ಸಲ್ಯವೇ, ಇಬ್ಬರೂ ತಾಯಂದಿರೇ. ಒಬ್ಬಳ ಪಕ್ಷ ವಹಿಸಿ ಇನ್ನೊಬ್ಬಳನ್ನು ಮೂರ್ಖಳೆನ್ನಲು ಆವಿಲಾ ಸುತರಾಂ ಒಪ್ಪುವುದಿಲ್ಲ. ಆತನ ಸ್ವಂತ ತಾಯಿ ಅದೇ 1979ರಲ್ಲಿ ಸೈನಿಕ ಸರ್ಕಾರ ಕಣ್ಮರೆಗೊಳಿಸಿದವರಲ್ಲೊಬ್ಬಳೆಂಬುದನ್ನು ನೆನೆದರೆ, ಈ ಸಮಚಿತ್ತತೆಗೆ ಆತ ತೆತ್ತ ಬೆಲೆ ಅಲ್ಪವಲ್ಲ.

ಶಾಲೆಯ ಹುಡುಗಿಯೊಡನೆ ಹ್ವಾನನ ಬಾಲಪ್ರೇಮ ನನಗೆ ಅಷ್ಟೊಂದು ರುಚಿಸಲಿಲ್ಲ. ಅಂಥದು ಬೇರೆ ನೂರು ಚಿತ್ರಗಳಲ್ಲಿ ಸಿಕ್ಕೀತು. ಗುಂಡು ಹಾರುವ ಘಳಿಗೆಗಳಲ್ಲಿ ಛಾಯಾಚಿತ್ರಣವನ್ನು ಕೈಬಿಟ್ಟು, ರಕ್ತಪಾತವನ್ನೆಲ್ಲ ಕಾಮಿಕ್ ಪುಸ್ತಕದಂತೆ ರೇಖೆಗಳಲ್ಲಿ ಬರೆಸಿದ್ದನ್ನು ಕೆಲವರು ಬರಿಯ ಅಲಂಕಾರವೆಂದು ತಿಳಿದಾರು. ನನಗಾದರೋ ಅದೇ ಚಿತ್ರದ ಅತ್ಯಂತ ಪ್ರಾಮಾಣಿಕ ಭಾಗವೆನಿಸಿತು, ಏಕೆಂದರೆ ಅಂಜಿ ಮುಖ ಹುದುಗಿಸಿದ ಮಗು ಕಂಡದ್ದು ಅರ್ಧ, ಉಳಿದರ್ಧವನ್ನು ಅದು ಆಮೇಲೆ ತಾನೇ ಬರೆದುಕೊಳ್ಳಬೇಕಾಯಿತು.