ಎಸ್‌ಜಿ-1000ದ ಪರವಾಗಿ

ತೊಂಬತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೇಸಿಗೆ ರಜೆ ಕಳೆದವರಿಗೆ ‘ಟಿವಿ ಗೇಮ್’ ಎಂದರೇನೆಂದು ವಿವರಿಸಬೇಕಿಲ್ಲ. ಹಳದಿ ಕ್ಯಾಸೆಟ್, ಅದರ ಮೇಲೆ ‘9999 ಇನ್ 1’ ಎಂಬ ಬರಹ, ಒಳಗೆ ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ. ಪೆಟ್ಟಿಗೆಯ ಮೇಲೆ ಯಾವ ಹೆಸರೇ ಇರಲಿ, ಒಳಗಿದ್ದದ್ದು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲು. ಗೆದ್ದ ಯಂತ್ರ ಹೀಗೆ ತನ್ನ ಹೆಸರು ಹೇಳದೆಯೂ ಮಲೆನಾಡಿನ ಮನೆಗಳನ್ನು ಹೊಕ್ಕಿತು. ಅದು ಹುಟ್ಟಿದ ದಿನವೇ ಹುಟ್ಟಿ ಸೋತ ಇನ್ನೊಂದು ಯಂತ್ರ ಮಾತ್ರ ಈ ಘಟ್ಟ ಹತ್ತಲೇ ಇಲ್ಲ. ಈ ವಾರ ಅದರ ಮಾತು.

1983ರ ಜುಲೈ 15. ಜಪಾನಿನ ಅಂಗಡಿಗಳಿಗೆ ಫ್ಯಾಮಿಕಾಮ್ ಬಂದ ದಿನವೇ ಸೆಗಾ ಕಂಪನಿಯ ಎಸ್‌ಜಿ-1000 ಕೂಡ ಬಂತು. ಒಂದಕ್ಕೆ 14,800 ಯೆನ್, ಇನ್ನೊಂದಕ್ಕೆ 15,000. ಸೆಗಾ ಅಂದಾಜು ಮಾಡಿದ್ದು 50,000 ಯಂತ್ರಗಳ ಮಾರಾಟ. ಆ ವರ್ಷವೇ ಹೋದದ್ದು 1,60,000. ಫ್ಯಾಮಿಕಾಮ್‌ನ ಮೊದಲ ಕಂತಿನಲ್ಲಿ ದೋಷ ಕಂಡು ನಿಂಟೆಂಡೊ ಅವನ್ನು ವಾಪಸ್ ಕರೆಸಿಕೊಂಡದ್ದೂ ಸೆಗಾಕ್ಕೆ ಅನುಕೂಲವಾಯಿತು. ಆದರೆ ರಿಪೇರಿಯಾಗಿ ಬಂದ ಫ್ಯಾಮಿಕಾಮ್ ಮುಂದೆ ಜಗತ್ತಿನಾದ್ಯಂತ ಆರು ಕೋಟಿ ದಾಟಿತು. ಎಸ್‌ಜಿ-1000 ಮೂಲೆ ಸೇರಿತು.

ಸೋಲಿನ ಕಾರಣ ಪರದೆಯ ಮೇಲೇ ಕಾಣುತ್ತದೆ. ನಿಂಟೆಂಡೊ ತನ್ನ ಚಿತ್ರದ ಚಿಪ್ಪನ್ನು ರಿಕೋ ಕಂಪನಿಯಿಂದ ತನಗೆಂದೇ ಮಾಡಿಸಿಕೊಂಡಿತ್ತು. ಸೆಗಾ ಬಳಸಿದ್ದು ಮಾರುಕಟ್ಟೆಯಲ್ಲಿ ಯಾರಿಗೂ ಸಿಗುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್ 9918ಎ. ಅದರಲ್ಲಿ ಒಂದು ಅಡ್ಡಗೆರೆಯಲ್ಲಿ ಚಲಿಸುವ ಆಕೃತಿಗಳು ನಾಲ್ಕೇ ಇರಬಹುದು. ಐದನೆಯದು ಬಂದರೆ ಆ ಗೆರೆಯಲ್ಲಿ ಅದು ಮಾಯ. ಒಂದೊಂದು ಆಕೃತಿಗೆ ಒಂದೇ ಬಣ್ಣ. ಹಿನ್ನೆಲೆ ನಯವಾಗಿ ಸರಿಯುವುದಿಲ್ಲ, ಎಂಟೆಂಟು ಚುಕ್ಕಿ ಒಟ್ಟಿಗೆ ಜಿಗಿಯುತ್ತದೆ. ಮಾರಿಯೊ ಓಡುವಾಗ ಹಿಂದಿನ ಬೆಟ್ಟ ಹಗುರಾಗಿ ಸರಿಯುವುದನ್ನು ನೋಡಿದ ಕಣ್ಣಿಗೆ ಈ ಕುಕ್ಕು ಥಟ್ಟನೆ ಗೊತ್ತಾಗುತ್ತದೆ.

ಇಷ್ಟು ಬಡ ಸಲಕರಣೆಯಲ್ಲಿ ಏನು ಮಾಡಬಹುದು ಎಂಬುದಕ್ಕೆ ‘ಗರ್ಲ್ಸ್ ಗಾರ್ಡನ್’ ಎಂಬ ಆಟ ಸಾಕು. ಒಬ್ಬ ಹುಡುಗಿ ತೋಟದಲ್ಲಿ ಹೂ ಕೊಯ್ದು ತನ್ನ ಗೆಳೆಯನಿಗೆ ಒಯ್ಯಬೇಕು, ಇನ್ನೊಬ್ಬಳು ಅವನನ್ನು ಒಲಿಸಿಕೊಳ್ಳುವ ಮೊದಲು. ಮೊಗ್ಗು ಅರಳುತ್ತದೆ, ಆಮೇಲೆ ಬಾಡುತ್ತದೆ. ಹದ ನೋಡಿಯೇ ಕೀಳಬೇಕು. ತೋಟದಲ್ಲಿ ಕರಡಿಗಳಿವೆ. ಅಡ್ಡ ಬಂದರೆ ಜೇನು ಇಟ್ಟು ಅವುಗಳ ಗಮನ ತಪ್ಪಿಸಬೇಕು. ಕರಡಿಯನ್ನೂ ಜೇನನ್ನೂ ಬಲ್ಲ ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಂದೂಕಿಲ್ಲ, ಸ್ಫೋಟವಿಲ್ಲ, ಹದ ಮತ್ತು ಹೊತ್ತಿನ ಲೆಕ್ಕವಷ್ಟೆ. ಇದನ್ನು ಬರೆದವರಲ್ಲಿ ಒಬ್ಬರು ಆಗಷ್ಟೇ ಸೆಗಾ ಸೇರಿದ್ದ ಯೂಜಿ ನಾಕಾ. 1991ರಲ್ಲಿ ಜಗತ್ತನ್ನೇ ಓಡಿಸಿದ ‘ಸೋನಿಕ್’ ಆಟದ ಪ್ರೋಗ್ರಾಮರ್ ಇವರೇ. ನನ್ನ ಮಟ್ಟಿಗೆ, ‘9999’ರ ಪಟ್ಟಿಯಲ್ಲಿ ಅದೇ ನಾಲ್ಕು ಆಟ ಮತ್ತೆ ಮತ್ತೆ ಬರುವುದಕ್ಕಿಂತ ಈ ಒಂದು ಕ್ಯಾಸೆಟ್ ಮೇಲು.

ಸೆಗಾ ಕೈಬಿಡಲಿಲ್ಲ ಎಂಬುದೂ ಮುಖ್ಯ. ಯಂತ್ರಕ್ಕೇ ಅಂಟಿಕೊಂಡಿದ್ದ ಬಿಗಿ ಜಾಯ್‌ಸ್ಟಿಕ್ ತೆಗೆದು 1984ರಲ್ಲಿ ಎಸ್‌ಜಿ-1000 ಟೂ, 1985ರಲ್ಲಿ ಮಾರ್ಕ್ ತ್ರೀ ತಂದಿತು. ಮಾರ್ಕ್ ತ್ರೀಯಲ್ಲಿ ಹಳೆಯ ಕ್ಯಾಸೆಟ್‌ಗಳೂ ನಡೆಯುತ್ತಿದ್ದವು. ಕೊಂಡವರ ದುಡ್ಡು ನೀರುಪಾಲಾಗಲಿಲ್ಲ. ಅದರ ನಂತರದ್ದು ಮೆಗಾ ಡ್ರೈವ್. ಶಾ ವ್ಯಾಲೇಸ್ ಕಂಪನಿ ಅದನ್ನು ಭಾರತಕ್ಕೆ ತಂದು 1995ರಲ್ಲಿ 18,000 ರೂಪಾಯಿಗೆ ಮಾರಿತು. ಅಷ್ಟು ದುಡ್ಡು ಸುರಿದು ಮಕ್ಕಳಿಗೆ ಆಟದ ಪೆಟ್ಟಿಗೆ ತರುವ ಮನೆಗಳು ನಮ್ಮ ಕಡೆ ಎಷ್ಟಿದ್ದಾವು? ಸೆಗಾ ನಮ್ಮಲ್ಲೂ ಸೋತದ್ದು ಹೀಗೆ.

ಈಗ ಎಸ್‌ಜಿ-1000 ತರಿಸಬೇಕೆನ್ನುವವರಿಗೆ ಒಂದೆರಡು ಮಾತು. ಜಪಾನಿನ ಅಡಾಪ್ಟರ್ 100 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಚಿತ್ರ ಹೊರಡುವುದು ಜಪಾನಿನ ಒಂದು ಅಥವಾ ಎರಡನೇ ಚಾನೆಲ್‌ನಲ್ಲಿ, ಅಂದರೆ 90ರಿಂದ 102 ಮೆಗಾಹರ್ಟ್ಜ್ ನಡುವೆ. ನಮ್ಮಲ್ಲಿ ಅದು ಎಫ್‌ಎಂ ರೇಡಿಯೊದ ಜಾಗ; ಹಳೆಯ ಟಿವಿಯ ಗುಂಡಿ ಎಷ್ಟು ತಿರುಗಿಸಿದರೂ ಸಿಗದು. ಟಿಎಂಎಸ್ ಚಿಪ್ಪಿನಿಂದಲೇ ಕಾಂಪೋಸಿಟ್ ಸಿಗ್ನಲ್ ಹೊರತೆಗೆಯಬಹುದು, ಬೆಸುಗೆ ಬಲ್ಲವರಿಗೆ ಅದು ದೊಡ್ಡ ಕೆಲಸವಲ್ಲ. ಟಿವಿ ಜಪಾನಿನ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿ ಹಿಡಿಯುವಂಥದ್ದಾಗಿರಬೇಕು, ಇಲ್ಲವಾದರೆ ಬಣ್ಣ ಬಾರದು.

ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಹುಲಿಕಲ್, ಆಗುಂಬೆಯ ಮಳೆ ಬೀಳುವ ಸೀಮೆಯಲ್ಲಿ ಆಷಾಢ ಕಳೆಯುವುದರೊಳಗೆ ಚರ್ಮದ ಚಪ್ಪಲಿಗೇ ಬೂಷ್ಟು ಬರುತ್ತದೆ, ತಾಮ್ರದ ಗೆರೆಗಳ ಪಾಡೇನು? ಕ್ಯಾಸೆಟ್‌ಗೆ ಬಾಯಿಂದ ಊದುವ ಅಭ್ಯಾಸ ಮೊದಲು ಬಿಡಿ. ಉಸಿರಿನ ತೇವವೇ ಕಿಲುಬು ಹಿಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಪಿನ್ನುಗಳನ್ನು ಒರೆಸಿ, ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ ಚೀಲದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ನಿಮ್ಮ ಅಟ್ಟದ ಮೇಲೆ ಸೆಗಾ ಇರದಿರಬಹುದು, ಆ ನಕಲಿ ಫ್ಯಾಮಿಕಾಮ್ ಇದ್ದರೂ ಇದ್ದೀತು. ದಯವಿಟ್ಟು ಗುಜರಿಗೆ ಹಾಕಬೇಡಿ. ಮಳೆಗಾಲ ಮುಗಿದು ನಾಲ್ಕು ಬಿಸಿಲು ಬಿದ್ದ ಮೇಲೆ ಬಿಚ್ಚಿ ಒರೆಸಿ, ಅನಂತರವೇ ಕರೆಂಟು ಕೊಡಿ.