ಒಂದು ಗೇಣು ಹಾದಿ

ಮಳವಳ್ಳಿ ಕಡೆಯಿಂದ ಶಿವನಸಮುದ್ರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ‘ಬ್ಲಫ್, ಬ್ಲಫ್’ ಎಂದು ಕೂಗುವಾಗ ಅದು ಇಂಗ್ಲಿಷ್ ಮಾತು ಎಂಬುದು ಯಾರಿಗೂ ನೆನಪಾಗುವುದಿಲ್ಲ. ಕಡಿದಾದ ದಿಣ್ಣೆಯ ತುದಿ ಅಂತ ಅರ್ಥ. ಬಂದು ನಿಂತರೆ ಅರ್ಥ ಯಾರೂ ಹೇಳಬೇಕಿಲ್ಲ. ಕಾಲಡಿಯಲ್ಲೇ ನೆಲ ಮುಗಿದು ಕಮರಿ ಶುರುವಾಗುತ್ತದೆ. ದಪ್ಪ ಪೈಪುಗಳು ಕಾವೇರಿಯನ್ನು ಹೊತ್ತು ಸುಮಾರು 400 ಅಡಿ ಕೆಳಗಿನ ಪವರ್‌ಹೌಸಿಗೆ ಇಳಿಯುತ್ತವೆ, ಪಕ್ಕದಲ್ಲಿ ಹಗ್ಗ ಎಳೆಯುವ ಟ್ರಾಲಿಯ ಹಳಿ. 1902ರಲ್ಲಿ ಇಲ್ಲಿಂದ ಹೊರಟ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬೆಳಕು 1905ರಲ್ಲಿ.

ನನಗೆ ಇಲ್ಲಿ ಬಂದಾಗಲೆಲ್ಲ ಒಂದು ವಿಮಾನ ನೆನಪಾಗುತ್ತದೆ. ಹುಚ್ಚು ಅನ್ನಿಸಬಹುದು, ಆದರೆ ಇಲ್ಲಿಂದ ಬೆಂಗಳೂರಿಗೆ ಹೋದ ತಂತಿ ಹಿಡಿದು ಹೊರಟರೆ ಸಿಕ್ಕುವುದು ಅದೇ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದದ್ದು 1940ರ ಡಿಸೆಂಬರಿನಲ್ಲಿ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ ರಿಪೇರಿ ಕಾರ್ಖಾನೆಯಾಯಿತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದವು. ಇವತ್ತಿನ ಕೆರೆಯ ನೊರೆ ನೋಡಿದವರು ನಂಬಲಾರರು. ಇದಕ್ಕೆಲ್ಲ ಕರೆಂಟು ಎಲ್ಲಿಂದ? ಜೋಗದ ವಿದ್ಯುತ್ತು ಬಂದದ್ದು 1948ಕ್ಕೆ. ಅಲ್ಲಿಯವರೆಗೆ ಬೆಂಗಳೂರು ನಂಬಿಕೊಂಡಿದ್ದದ್ದು ಶಿವನಸಮುದ್ರವನ್ನು, 1940ರಿಂದೀಚೆಗೆ ಶಿಂಷಾವನ್ನೂ. ಎರಡೂ ನಮ್ಮ ಮಳವಳ್ಳಿ ತಾಲ್ಲೂಕಿನವೇ.

ನನಗೆ ನೆನಪಾಗುವ ಆ ವಿಮಾನ ಅಮೆರಿಕದ ಬಾಂಬರ್, ಬಿ–24 ಲಿಬರೇಟರ್. ನಾಲ್ಕು ಎಂಜಿನ್, 110 ಅಡಿ ರೆಕ್ಕೆ. ಚೆಲುವಿನ ಪಂದ್ಯದಲ್ಲಿ ಅದರ ಹೆಸರನ್ನು ಯಾರೂ ಬರೆಸಲಾರರು. ಇನ್ನೊಂದು ಬಾಂಬರ್ ಬಿ–17ರ ಹುಡುಗರು ‘ನಮ್ಮ ವಿಮಾನ ಪ್ಯಾಕ್ ಆಗಿ ಬಂದ ಪೆಟ್ಟಿಗೆ ಅದು’ ಎಂದು ಗೇಲಿ ಮಾಡುತ್ತಿದ್ದರಂತೆ. ಗೇಲಿಯಲ್ಲಿ ಸುಳ್ಳಿಲ್ಲ, ಒಡಲು ಪೆಟ್ಟಿಗೆಯೇ. ಆದರೆ ಆ ಪೆಟ್ಟಿಗೆಯ ಹೆಗಲ ಮೇಲೆ ಕೂರಿಸಿದ ರೆಕ್ಕೆ ನೋಡಿ: ಉದ್ದ, ಸಪೂರ, ಕೊಕ್ಕರೆಯ ರೆಕ್ಕೆ. ಎಮ್ಮೆಗೆ ಕೊಕ್ಕರೆಯ ರೆಕ್ಕೆ ಕಟ್ಟಿದರೆ ನಗುಬರಬೇಕು, ಬರುವುದಿಲ್ಲ. ದೂರ ಹೋಗಬೇಕು, ಭಾರ ಹೊರಬೇಕು ಎಂಬ ಎರಡೇ ಹಟಗಳಿಂದ ಹುಟ್ಟಿದ ಆಕಾರಕ್ಕೂ ಒಂದು ಗಾಂಭೀರ್ಯ ಇರುತ್ತದೆ.

ನನಗೆ ಇಷ್ಟವಾದದ್ದು ಅದರ ಹೊಟ್ಟೆ. ಬಾಂಬು ತೂಗುಹಾಕುವ ಎರಡು ಸಾಲಿನ ನಡುವೆ ಒಂದು ಕಿರು ಹಾದಿ. ಅಗಲ ಒಂಬತ್ತು ಅಂಗುಲ, ಅಂದರೆ ಸರಿಯಾಗಿ ಒಂದು ಗೇಣು. ಕೆಳಗಿನ ಬಾಗಿಲು ಅಂಗಡಿಯ ರೋಲಿಂಗ್ ಶಟರ್‌ನಂತೆ ಮೇಲಕ್ಕೆ ಸುತ್ತಿಕೊಳ್ಳುವ ತೆಳು ತಗಡು. ಕಾಲಿಟ್ಟರೆ ಆಳಿನ ಭಾರ ತಡೆಯುವುದಿಲ್ಲ. ಮುಂದಿನವರು ಹಿಂದಕ್ಕೆ ಹೋಗಬೇಕಾದರೆ ಇದೇ ದಾರಿ. ಇಪ್ಪತ್ತು ಸಾವಿರ ಅಡಿ ಎತ್ತರ, ಕೈಯಲ್ಲೊಂದು ಆಮ್ಲಜನಕದ ಸಿಲಿಂಡರು, ಮೈತುಂಬ ಬಟ್ಟೆ. ಆ ಗೇಣಿನ ಮೇಲೆ ಹೆಜ್ಜೆ ಇಟ್ಟವರು ಇಪ್ಪತ್ತರ ಆಸುಪಾಸಿನ ಹುಡುಗರು, ವಿಮಾನಕ್ಕೆ ಹತ್ತು ಮಂದಿ.

ಒಳಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿ. ಬರಿಗೈಯಲ್ಲಿ ಬಂದೂಕು ಮುಟ್ಟಿದರೆ ಚರ್ಮ ಲೋಹಕ್ಕೇ ಅಂಟಿ ಕಿತ್ತುಬರುತ್ತಿತ್ತು. ಅದಕ್ಕೆಂದು ಕರೆಂಟಿನಿಂದ ಬಿಸಿಯಾಗುವ ಉಡುಪು ಕೊಡುತ್ತಿದ್ದರು: ಬಟ್ಟೆಯೊಳಗೆ ತಂತಿ, ಗೋಡೆಯಲ್ಲಿ ಪ್ಲಗ್ಗು. ತಂತಿ ತುಂಡಾದರೆ ಬೆರಳು ಹೋಯಿತು. ಬ್ಲಫ್‌ನಲ್ಲಿ ತಂತಿಗಳ ಕೆಳಗೆ ನಿಂತಾಗ ನನಗೆ ನೆನಪಾಗುವುದು ಈ ಎಳೆಯೇ.

ಈ ಹುಡುಗರಿಗೆ ಇಂಗ್ಲೆಂಡಿನ ನೆಲೆಗಳಲ್ಲಿ ದಿನನಿತ್ಯದ ನಾಷ್ಟಾಕ್ಕೆ ಮೊಟ್ಟೆಪುಡಿ. ಜರ್ಮನಿಯ ಮೇಲೆ ಹೋಗುವ ಬೆಳಗ್ಗೆ ಮಾತ್ರ ನಿಜವಾದ ಮೊಟ್ಟೆ. ಮಾರಿಹಬ್ಬದ ಟಗರು ಕಂಡವರಿಗೆ ಇದರ ರುಚಿ ವಿವರಿಸಬೇಕಿಲ್ಲ. ಇಪ್ಪತ್ತೈದು ಸಲ ಹೋಗಿಬಂದರೆ ಮನೆಗೆ ಎಂದು ಮೊದಲು ಲೆಕ್ಕ. ಆಮೇಲೆ ಅದು ಮೂವತ್ತಾಯಿತು, ಮೂವತ್ತೈದಾಯಿತು. ಅಲ್ಲಿಂದ ಹಾರಿದ ಅಮೆರಿಕದ ಎಂಟನೇ ವಾಯುಪಡೆ ಒಂದರಲ್ಲೇ ಸತ್ತವರು 26,000ಕ್ಕೂ ಹೆಚ್ಚು. ಶಟರ್ ತೆರೆದಾಗ ಕೆಳಗಿದ್ದ ಊರುಗಳಲ್ಲಿ ಸತ್ತವರು ಬೇರೆ. ಯಂತ್ರವನ್ನು ಮೆಚ್ಚುವವನು ಈ ಎರಡನ್ನೂ ನುಂಗಿಕೊಂಡೇ ಮೆಚ್ಚಬೇಕು, ನಾನೂ ಅಷ್ಟೇ.

ಯುದ್ಧ ಮುಗಿಯಿತು. ಅಮೆರಿಕ ಬ್ರಿಟನ್ನಿಗೆ ಕೊಟ್ಟಿದ್ದ ಲಿಬರೇಟರ್‌ಗಳು ಕಾನ್ಪುರದಲ್ಲಿ ಸಾಲಾಗಿ ನಿಂತವು. ಕರಾರಿನ ಪ್ರಕಾರ ಅವು ಮತ್ತೆ ಹಾರಬಾರದು. ಬ್ರಿಟಿಷರು ಮೀಟರುಗಳನ್ನು ಒಡೆದರು, ಒಡಲಿಗೆ ಪಿಕಾಸಿಯಲ್ಲಿ ತೂತು ಹೊಡೆದರು, ಎಂಜಿನ್ನಿಗೆ ಮರಳು ಸುರಿದರು. 1948ರಲ್ಲಿ ಬೆಂಗಳೂರಿನ ಕಂಪನಿಯವರು ಆ ಗುಜರಿಯ ನಡುವೆ ನಿಂತು, ಒಂದರ ಕಾಲು ಇನ್ನೊಂದರ ಕೈ ಜೋಡಿಸಿ, ಹಾರುವಷ್ಟು ಮಟ್ಟಿಗೆ ಎಬ್ಬಿಸಿದರು. ಪರೀಕ್ಷಾ ಪೈಲಟ್ ಜಮ್ಶೇದ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದರು. ಉಳಿದ ಕೆಲಸ ಅಲ್ಲಿಯ ಕೈಗಳದು. ಅದೇ ವರ್ಷದ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಸತ್ತವೆಂದು ಬಿಸಾಡಿದವು 1968ರವರೆಗೆ ಹಾರಿದವು. ರೆಕ್ಕೆಗಿಂತ ಈ ತೇಪೆಯೇ ನನಗೆ ಹೆಚ್ಚು ಚೆಂದ.

ಅವುಗಳಲ್ಲಿ ಒಂದು ಆಮೇಲೆ ಇಂಗ್ಲೆಂಡಿನ ಒಬ್ಬ ಸಂಗ್ರಾಹಕನ ಕೈ ದಾಟಿ ಅಮೆರಿಕಕ್ಕೆ ಹೋಯಿತು. ಅಲ್ಲಿಯ ಕಾಲಿಂಗ್ಸ್ ಫೌಂಡೇಶನ್ 1989ರಲ್ಲಿ ಅದನ್ನು ಮತ್ತೆ ಹಾರಿಸಿತು, ಕೊನೆಗೆ ‘ವಿಚ್‌ಕ್ರಾಫ್ಟ್’ ಎಂಬ ಇನ್ನೊಂದು ಬಿ–24ರ ಬಣ್ಣ ಬಳಿಯಿತು. ನಿಜವಾದ ವಿಚ್‌ಕ್ರಾಫ್ಟ್ ಯುರೋಪಿನ ಮೇಲೆ 130 ಸಲ ಹೋಗಿಬಂದ ವಿಮಾನ. ನಮ್ಮ ಮಂಡ್ಯ ಸೀಮೆಯಲ್ಲಿ ಕುರುಕ್ಷೇತ್ರ ನಾಟಕಕ್ಕೆ ಬಣ್ಣ ಹಚ್ಚಿದ ರೈತ ರಾತ್ರಿಯೆಲ್ಲ ದುರ್ಯೋಧನನೇ. ಹಾಗೆ ಈ ವಿಮಾನ ಇನ್ನೊಬ್ಬರ ವೇಷ ಕಟ್ಟಿ ಊರೂರು ತಿರುಗಿತು. ಯುರೋಪಿನ ಆಕಾಶ ಕಂಡಿದ್ದ ಮುದುಕರು ಬಂದು ಒಳಹೊಕ್ಕು, ಆ ಗೇಣು ಹಾದಿಯಲ್ಲಿ ಮತ್ತೊಮ್ಮೆ ಅಡ್ಡಡ್ಡವಾಗಿ ನಡೆದರು. ಬಣ್ಣ ಅವರ ಕಡೆಯದು, ಮೂಳೆ ಕೂಡಿಸಿದ್ದು ಬೆಂಗಳೂರು.

ಇನ್ನೊಂದು ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಮ್ಮಿನಲ್ಲಿದೆ. ಆ ಕಡೆ ಹೋದರೆ ರೆಕ್ಕೆ ನೋಡಿ ಫೋಟೊ ತೆಗೆದು ಬಂದುಬಿಡಬೇಡಿ. ಸ್ವಲ್ಪ ಬಗ್ಗಿ, ಹೊಟ್ಟೆಯ ಕೆಳಗಿನ ಶಟರನ್ನೂ ನೋಡಿ ಬನ್ನಿ.